ಗಂಡಂದಿರು ಇಟ್ಟ ಆಣೆ

ನನ್ನ ಹೆಂಡತಿ ಪುರಸಭೆ ಮೆಂಬರ್ ಆಗಿದ್ದ ಎರಡೂವರೆ ವರ್ಷ ಊರಿನವರು ಮೆಂಬರ್ ಅಂತ ಕರೆದದ್ದು ನನ್ನನ್ನು. ಆಕೆಗೆ ಅದರಿಂದ ಬೇಜಾರಾಗಿತ್ತೋ ಇಲ್ಲವೋ, ನಾನು ವಿಚಾರಿಸಲಿಲ್ಲ. ನನಗಂತೂ ಖುಷಿಯಾಗಿತ್ತು. ಟೀ ಅಂಗಡಿಯ ಮುಂದೆ ಯಾರಾದರೂ "ಮೆಂಬರ್ ಸಾ" ಅಂದರೆ, ಇನ್ನೊಂದು ಸಲ ಅನ್ನಲಿ ಅಂತ ಮೊದಲ ಸಲ ಕೇಳಿಸದವನ ಹಾಗೆ ನಡೆದುಬಿಡುತ್ತಿದ್ದೆ. ಇದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ಆದರೆ ನಾಚಿಕೆಯಾಗುವುದನ್ನು ಬಿಟ್ಟು ಬರೆದರೆ ಇಲ್ಲಿ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರರ ಸುತ್ತಿನಲ್ಲೇ ಎಲ್ಲೋ ಅಂದುಕೊಳ್ಳಿ. ಪಕ್ಷದ ಹೆಸರೂ ಬೇಡ. ಯಾವ ಪಕ್ಷವಾಗಿದ್ದರೂ ಇದು ಹೀಗೇ ನಡೆಯುತ್ತಿತ್ತು ಅನ್ನುವುದು ನನ್ನ ನಂಬಿಕೆ.

ನಮ್ಮದು ರೇಷ್ಮೆ ನೇಯುವ ಮನೆ. ನಾನು ಮಗ್ಗ ಬಿಟ್ಟು ಪಕ್ಷದ ಹಿಂದೆ ಓಡಾಡಿದವನು, ಆಕೆ ಮಗ್ಗ ಬಿಡದೆ ಮನೆ ನಡೆಸಿದವಳು. ಇಪ್ಪತ್ತು ವರ್ಷ ಬ್ಯಾನರ್ ಕಟ್ಟಿದೆ, ಕುರ್ಚಿ ಹಾಕಿದೆ, ಸಭೆಗೆ ಜನ ಕರೆತಂದೆ. ಕೊನೆಗೂ ಈ ಸಲ ಟಿಕೆಟ್ ನನಗೇ ಅಂತ ನಮ್ಮ ಮುಖಂಡರು ಬಾಯಿಬಿಟ್ಟು ಹೇಳಿದ ಮೇಲೆ ಮೀಸಲಾತಿ ಪಟ್ಟಿ ಬಂತು. ನಮ್ಮ ವಾರ್ಡು ಮಹಿಳೆಯರಿಗೆ ಹೋಗಿತ್ತು. ನಾನು ಎರಡು ದಿನ ಮನೆಯಲ್ಲಿ ಯಾರ ಮೇಲೆಂದಿಲ್ಲ, ಎಲ್ಲರ ಮೇಲೂ ರೇಗಾಡಿದೆ. ಮೂರನೇ ದಿನ ಮುಖಂಡರೇ ಬಂದು, "ಅದ್ಯಾಕ್ ಮಂಕಾಗಿದ್ದೀರಿ, ಮನ್ಯೋರ ಹೆಸ್ರಾಕಿ. ನೀವ್ ಇದ್ರೇನು, ಅವ್ರ್ ಇದ್ರೇನು?" ಅಂದರು.

ಆಕೆ ಗುಂಡಿ ಮಗ್ಗದಲ್ಲಿ ಕೂತಿದ್ದವಳು ಲಾಳಿ ನಿಲ್ಲಿಸಿ ನನ್ನ ಕಡೆ ನೋಡಿ, "ಅಲ್ಲಿ ನಾನ್ ಏನ್ ಮಾಡ್ಬೇಕು?" ಅಂದಳು.

"ನೀನೇನೂ ಮಾಡ್ಬೇಕಾಗಿಲ್ಲ" ಅಂದೆ. ಧೈರ್ಯ ಹೇಳುವುದಕ್ಕೆ ಅಂದ ಮಾತು ಅದು. ಎರಡು ವರ್ಷ ಹಾಗೇ ನಡೆಯಿತು ಕೂಡ.

ಪಕ್ಷದ ಶಿಸ್ತು ಅನ್ನುವುದನ್ನು ನಾನು ನಿಜವಾಗಿ ನಂಬಿದ್ದೆ. ನಗುವವರು ನಗಲಿ. ಹಿಂದೊಂದು ಸಲ ನಮ್ಮ ಪಕ್ಷದಿಂದ ಗೆದ್ದವನ ಮೆರವಣಿಗೆಯಲ್ಲಿ ನಾನು ತಮಟೆಗೆ ಕುಣಿದು ಕಾಲು ಉಳುಕಿಸಿಕೊಂಡಿದ್ದೆ. ಅಧ್ಯಕ್ಷರ ಆಯ್ಕೆಯ ದಿನ ಬೆಳಿಗ್ಗೆ ಅವನು ಎದುರು ಪಕ್ಷದ ಕಾರಿನಿಂದ ಇಳಿದ. ಇನ್ನೂ ಕುಂಟುತ್ತಲೇ ಗೇಟಿನ ಹತ್ತಿರ ನಿಂತಿದ್ದ ನನ್ನನ್ನು ನೋಡಿಯೂ ನೋಡದವನ ಹಾಗೆ ಒಳಗೆ ಹೋದ. ಗೆದ್ದ ಮೇಲೆ ಮೆಂಬರಿಗೆ ಸ್ವಂತ ಬುದ್ಧಿ ಬೇಡ, ಪಕ್ಷ ಹೇಳಿದ್ದಕ್ಕೆ ಕೈ ಎತ್ತಿದರೆ ಸಾಕು ಅನ್ನುವುದು ಅವತ್ತು ನನ್ನ ತಲೆಯಲ್ಲಿ ಕೂತಿತು. ಇವತ್ತಿಗೂ ಅದರಲ್ಲಿ ಅರ್ಧ ನಿಜವಿದೆ ಅನ್ನಿಸುತ್ತದೆ.

ಹೀಗಾಗಿ ಮನೆಗೆ ಬಂದ ಕಾಗದಗಳನ್ನು ನಾನೇ ಓದುತ್ತಿದ್ದೆ, ನಾನೇ ಉತ್ತರ ಬರೆಯುತ್ತಿದ್ದೆ. ಸಹಿಯನ್ನೂ ನಾನೇ ಹಾಕುತ್ತಿದ್ದೆ. ಆಕೆ ಅಕ್ಷರ ಬಾರದವಳಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಾಳೆ, ಹೆಸರು ಬರೆಯುತ್ತಾಳೆ. ಆದರೆ ಮಗ್ಗದಿಂದ ಎಬ್ಬಿಸಿ, ಕೈ ಒರೆಸಿಕೊಂಡು ಬರಲಿ ಅಂತ ಕಾಯುವ ತಾಳ್ಮೆ ನನಗಿರಲಿಲ್ಲ. ಆಕೆಯ ಅಕ್ಷರ ನೋಡಿಕೊಂಡು ಅದರಂತೆಯೇ ಗೀಚಿ ಕಳಿಸುತ್ತಿದ್ದೆ. ಸಭೆಗಳಿಗೆ ಹೋದರೆ ಆಕೆ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು, ನಾನು ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ನಾನು ಕೆಮ್ಮಿದರೆ ಕೈ ಎತ್ತಬೇಕು ಅಂತ ನಮ್ಮಲ್ಲಿ ಒಪ್ಪಂದವಾಗಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಹುಣಸೆ ಮರಗಳ ನೆರಳಿನ ಒಂದು ಬಯಲಿತ್ತು. ಸೀರೆಯ ಉದ್ದಕ್ಕೆ ಹೋಗುವ ಎಳೆಗಳನ್ನು ನಾವು ಹಾಸು ಅನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮುಂಚೆ ಆ ಹಾಸನ್ನು ಉದ್ದಕ್ಕೆ ಎಳೆದು, ಎರಡು ತುದಿಗೂ ಗೂಟಕ್ಕೆ ಕಟ್ಟಿ, ತುಂಡಾದ ಎಳೆ ಸೇರಿಸಿ ಹದ ಮಾಡಬೇಕು. ಅದಕ್ಕೆ ಉದ್ದನೆಯ ಜಾಗ ಬೇಕು, ದೂಳಿರಬಾರದು, ಗಾಡಿ ಬರಬಾರದು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಆ ಬಯಲು ನಮ್ಮ ಬೀದಿಯ ಹೆಂಗಸರದು. ನನ್ನ ಅಜ್ಜಿಯೂ ಅಲ್ಲೇ ಎಳೆ ಕಟ್ಟಿದವಳು.

ಆ ಬಯಲಿನಲ್ಲಿ ಅಂಗಡಿ ಮಳಿಗೆ ಕಟ್ಟಬೇಕು ಅನ್ನುವ ಠರಾವು ಸಭೆಗೆ ಬಂತು. ತಂದವರು ನಮ್ಮ ಪಕ್ಷದವರೇ. ಮುಖಂಡರು ನನ್ನನ್ನು ಕರೆದು, ಊರು ಬೆಳೆಯಬೇಕಾದರೆ ಇದೆಲ್ಲ ಆಗಬೇಕು, ನೇಯುವವರಿಗೆ ಬೇರೆ ಕಡೆ ಜಾಗ ತೋರಿಸೋಣ ಅಂದರು. ಎಲ್ಲಿ ಅಂತ ನಾನು ಕೇಳಲಿಲ್ಲ. ಎದುರು ಪಕ್ಷದವರಿಗೂ ನಮಗೂ ಸಭೆಯಲ್ಲಿ ಒಂದೇ ಕೈ ವ್ಯತ್ಯಾಸ. ಅದಕ್ಕೆ ವಿಪ್ ಕೊಟ್ಟರು. ವಿಪ್ ಅಂದರೆ ಪಕ್ಷದ ಲಿಖಿತ ಆದೇಶ. ಅದನ್ನು ಮೀರಿ ಓಟು ಹಾಕಿದರೆ ಮೆಂಬರ್‌ಗಿರಿ ಹೋಗುತ್ತದೆ. ಪಕ್ಷದ ಕಚೇರಿಯವರು ಎರಡು ಪ್ರತಿ ತಂದಾಗ ಆಕೆ ಬಯಲಿನಲ್ಲಿ ಹಾಸು ಕಟ್ಟುತ್ತಿದ್ದಳು. ಜಗುಲಿಯ ಮೇಲೆ ಕೂತು ಆಕೆಯ ಸಹಿ ನಾನೇ ಹಾಕಿ ಒಂದು ಪ್ರತಿ ವಾಪಸು ಕೊಟ್ಟೆ. ಇನ್ನೊಂದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಆಕೆ ಬಂದ ಮೇಲೆ, "ಸೋಮವಾರ ಮೀಟಿಂಗ್ ಅದೆ, ಕೈ ಎತ್ತಬೇಕು" ಅಂದೆ.

"ಯಾತುಕ್ಕ?" ಅಂದಳು.

"ನಾನ್ ಕೆಮ್ಮದಾಗ" ಅಂದೆ. ಆಕೆ ಅಡುಗೆಮನೆಗೆ ಹೋದಳು.

ಮುಖಂಡರಿಗೆ ಆ ಕಾಗದದ ಮೇಲೆ ಅಷ್ಟು ಭರವಸೆ ಇರಲಿಲ್ಲ. ಕಾಗದಕ್ಕೆ ಹೆದರದವರು ಮಾದಪ್ಪನಿಗೆ ಹೆದರುತ್ತಾರೆ ಅನ್ನುವುದು ಅವರ ಲೆಕ್ಕ. ಸಭೆಗೆ ಎರಡು ದಿನ ಇದ್ದಾಗ ಎಲ್ಲರನ್ನೂ ಒಂದು ವ್ಯಾನಿನಲ್ಲಿ ತುಂಬಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೊರಟರು. ನಮ್ಮ ಕಡೆಯ ಗಂಡು ಮೆಂಬರುಗಳು, ನಾಲ್ಕು ಜನ ಹೆಣ್ಣು ಮೆಂಬರುಗಳು, ಆ ನಾಲ್ವರ ಗಂಡಂದಿರು. ಕಾಮಗೆರೆಯಲ್ಲಿ ಟೀ, ಹನೂರಿನಲ್ಲಿ ಹೂವು, ಆಮೇಲೆ ಘಾಟಿಯ ತಿರುವುಗಳು. ಹೆಂಗಸರು ಹಿಂದಿನ ಸೀಟುಗಳಲ್ಲಿ ಸೆರಗನ್ನು ಬಾಯಿಗೆ ಹಿಡಿದು ಕೂತಿದ್ದರು. ಮುಂದೆ ನಾವು ಗಂಡಸರು ಯಾರಿಗೆ ಮುಂದಿನ ಸಲ ಅಧ್ಯಕ್ಷಗಿರಿ ಅಂತ ಮಾತಾಡುತ್ತಿದ್ದೆವು.

ದರ್ಶನವಾದ ಮೇಲೆ ದೇವಸ್ಥಾನದ ಹೊರಗೆ ಒಂದು ಪಕ್ಕಕ್ಕೆ ನಿಂತು ಮುಖಂಡರು ಕಲ್ಲಿನ ಮೇಲೆ ಕರ್ಪೂರ ಹಚ್ಚಿಸಿದರು. "ಗಂಡಸ್ರು ಬನ್ನಿ" ಅಂದರು. ಹೆಣ್ಣು ಮೆಂಬರುಗಳಲ್ಲಿ ಹಿರಿಯವಳೊಬ್ಬಳು, "ನಾವ್ ಬ್ಯಾಡ್ವಾ ಸಾ?" ಅಂದಳು. "ನೀವ್ಯಾಕವ್ವಾ, ನಿಮ್ ಯಜಮಾನ್ರು ಆಣೆ ಇಟ್ರ ನೀವ್ ಇಟ್ಟಂಗೇ ಅಲ್ವಾ?" ಅಂದು ನಕ್ಕರು. ನಾವೂ ನಕ್ಕೆವು. ಒಬ್ಬೊಬ್ಬರಾಗಿ ಕರ್ಪೂರದ ಮೇಲೆ ಕೈ ಆಡಿಸಿ ಆಣೆ ಇಟ್ಟೆವು. ನನ್ನ ಸರದಿ ಬಂದಾಗ ನಾನು ಹೇಳಿದ್ದು ನೆನಪಿದೆ. "ನಮ್ಮನೆ ಓಟು ಪಕ್ಷ ಬುಟ್ಟು ಬ್ಯಾರೆ ಕಡೆ ಓದ್ರ ಮಾದಪ್ಪ ನನ್ನ ನೋಡ್ಕಳ್ಲಿ" ಅಂದೆ. ಅಂದು ತಿರುಗಿದರೆ ಆಕೆ ಮೆಟ್ಟಿಲ ಮೇಲೆ ಕೂತು ಪ್ರಸಾದದ ಕಾಯಿ ಬಿಡಿಸುತ್ತಾ ನನ್ನನ್ನೇ ನೋಡುತ್ತಿದ್ದಳು.

ಸೋಮವಾರ ಹೊಸ ಅಧಿಕಾರಿಯೊಬ್ಬರು ಬಂದಿದ್ದರು. ಮೆಂಬರುಗಳನ್ನು ಬಿಟ್ಟು ಯಾರೂ ಒಳಗಿರಕೂಡದು ಅಂತ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ನಾನು ಜಗಳ ಮಾಡಿದೆ. ಆಗಲಿಲ್ಲ. ನಾಲ್ಕು ಜನ ಗಂಡಂದಿರೂ ಒಂದೇ ಕಿಟಕಿಯ ಸರಳು ಹಿಡಿದು ನಿಂತೆವು. ಠರಾವು ಓದಿದರು. ಪರವಾಗಿರುವವರು ಕೈ ಎತ್ತಿ ಅಂದರು. ನಾನು ಕೆಮ್ಮಿದೆ. ಪಕ್ಕದಲ್ಲಿದ್ದ ಮೂವರೂ ಕೆಮ್ಮಿದರು, ಅವರ ಮನೆಗಳಲ್ಲೂ ಅದೇ ಒಪ್ಪಂದವಿತ್ತು ಅಂತ ನನಗೆ ಆಗ ಗೊತ್ತಾಯಿತು. ಹೆಂಗಸರ ಸಾಲಿನಲ್ಲಿ ಮೂರು ಕೈ ಮೇಲೆ ಹೋದವು. ಆಕೆಯ ಕೈ ತೊಡೆಯ ಮೇಲೇ ಇತ್ತು. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ, ಎದೆ ನೋಯುವಷ್ಟು ಜೋರಾಗಿ ಕೆಮ್ಮಿದೆ. ಅಧಿಕಾರಿ ಕಿಟಕಿಯ ಕಡೆ ನೋಡಿ, "ಯಾರ್ರೀ ಅದು, ನೀರು ಕುಡೀರಿ" ಅಂದರು.

ವಿರೋಧವಿರುವವರು ಅಂದಾಗ ಆಕೆ ಕೈ ಎತ್ತಿದಳು. ಅರ್ಧ ಎತ್ತಿ ಅಳುಕಿದ ಕೈಯಲ್ಲ ಅದು. ಬಳೆ ಮೊಣಕೈಗೆ ಜಾರುವ ಹಾಗೆ ನೆಟ್ಟಗೆ ಎತ್ತಿ, ಅಧಿಕಾರಿ ಎಣಿಸಿ ಮುಗಿಸುವವರೆಗೂ ಹಿಡಿದಿದ್ದಳು. ಠರಾವು ಒಂದು ಕೈಯಿಂದ ಬಿದ್ದುಹೋಯಿತು.

ಹೊರಗೆ ಬಂದಾಗ ಮುಖಂಡರು ಅಲ್ಲೇ ಹಜಾರದಲ್ಲಿ ಆಕೆಯನ್ನು ತಡೆದರು. ಅವರು ಕೂಗಾಡುವ ಮನುಷ್ಯರಲ್ಲ. ತಣ್ಣಗೆ, "ಮಾದಪ್ಪನ ಮುಂದ ಆಣೆ ಇಟ್ಟು ಇಂಗ್ ಮಾಡಬೋದಾ ಕಣವ್ವಾ?" ಅಂದರು.

"ನಾನ್ ಎಲ್ ಇಟ್ಟೆ ಸಾ? ನಾನ್ ಮೆಟ್ಲ್ ಮ್ಯಾಲ ಕುಂತಿದ್ನಲ್ಲ" ಅಂದಳು. ಗೇಲಿ ಮಾಡಿದ್ದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದು. ಮುಖಂಡರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ನೋಟಿಸು ಓದತೊಡಗಿದೆ.

ಆಮೇಲಿನ ಹತ್ತು ಹನ್ನೆರಡು ದಿನ ನಾನು ಆಕೆಯನ್ನು ಮಾತಾಡಿಸಲಿಲ್ಲ. ಒಂದು ದಿನ ತಟ್ಟೆ ತಳ್ಳಿ ಎದ್ದೆ, ಮುದ್ದೆ ಗೋಡೆಯ ತನಕ ಉರುಳಿತು. ಕೋಪ ಅಂತ ಹೇಳಿಕೊಂಡೆ. ನಿಜವಾಗಿ ನನಗಿದ್ದದ್ದು ಭಯ. ಆಣೆ ಇಟ್ಟವನು ನಾನು, ಮುರಿದವಳು ಆಕೆ, ಅನುಭವಿಸುವವನು ನಾನು. ಸಣ್ಣ ಜ್ವರ ಬಂದರೂ ಬೆಟ್ಟದ ಕಡೆ ಕೈ ಮುಗಿಯುತ್ತಿದ್ದೆ. ಕೊನೆಗೆ ಒಂದು ದಿನ ತಡೆಯಲಾರದೆ, "ನನ್ನ ಆಣೆಗೆ ಕೊಳ್ಳಿ ಇಟ್ಯಲ್ಲೇ, ನನಗೇನಾದ್ರೂ ಆದ್ರೆ?" ಅಂತ ಕೂಗಿದೆ.

ಆಕೆ ಲಾಳಿ ಕೆಳಗಿಟ್ಟಳು. "ನಮ್ಮನೆ ಓಟು ಅಂದ್ರಿ. ಮನೆದ್ ಯಾವುದ್ರೀ ಓಟು? ಮಗ್ಗ ಮನೆದು, ಒಲೆ ಮನೆದು. ಓಟು ನಂದು. ನಿಮ್ದಲ್ದ ವಸ್ತು ಮ್ಯಾಲ ಆಣೆ ಇಟ್ರ ಮಾದಪ್ಪ ಅದ್ನ ಎಂಗ ಈಸ್ಕತನ?" ಅಂದಳು. ಸಿಟ್ಟಿಲ್ಲದ ದನಿ. ನನ್ನ ಜ್ವರ ಜಾಸ್ತಿಯಾಗಿದೆಯೇ ಅಂತ ಕೇಳುವಾಗಲೂ ಅದೇ ದನಿ. ನಾನು ಎದ್ದು ಹೊರಗೆ ಹೋದೆ, ಆದರೆ ಆ ಸಲ ಬಾಗಿಲು ಬಡಿಯಲಿಲ್ಲ.

ಪಕ್ಷ ದೂರು ಕೊಟ್ಟಿತು. ಜಿಲ್ಲಾ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಪರಿಚಯದ ಒಬ್ಬ ಲಾಯರ ಹತ್ತಿರ ಹೋದೆವು. ಅವರು ವಿಪ್ ಪ್ರತಿಯ ಮೇಲಿನ ಸಹಿಯನ್ನೂ, ಆಕೆ ಮೊದಲ ದಿನ ಪ್ರಮಾಣ ವಚನಕ್ಕೆ ಹಾಕಿದ್ದ ಸಹಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇದ್ಯಾರ್ದು?" ಅಂದರು. ನಾನು ತಲೆ ತಗ್ಗಿಸಿದೆ. ಲಾಯರ್ ನಕ್ಕುಬಿಟ್ಟರು. ವಿಪ್ ಆಕೆಯ ಕೈಗೇ ತಲುಪಿಲ್ಲ, ಆಕೆಗೆ ಗೊತ್ತೇ ಇರಲಿಲ್ಲ ಅಂತ ಹೇಳಿದರೆ ಮೆಂಬರ್‌ಗಿರಿ ಉಳಿಯುತ್ತದೆ, ಆದರೆ ಸಹಿ ನನ್ನದು ಅಂತ ನಾನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು ಅಂದರು. ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಕ್ಷೌರದ ಅಂಗಡಿಯಲ್ಲಿ ಅದನ್ನೇ ಯೋಚಿಸಿದೆ. ಪಕ್ಷದಲ್ಲಿ ನನ್ನ ಕಥೆ ಮುಗಿಯುತ್ತದೆ. ಊರು ನಗುತ್ತದೆ. ಕಳ್ಳ ಸಹಿ ಅಂತ ಇನ್ನೊಂದು ಕೇಸು ಹಾಕಿದರೂ ಹಾಕಿಯಾರು. ಆದರೆ ಆಕೆಯ ಕೈ ಸಭೆಯಲ್ಲಿಲ್ಲದಿದ್ದರೆ ಬಯಲು ಹೋಗುತ್ತದೆ ಅನ್ನುವುದು ನನಗೂ ಗೊತ್ತಿತ್ತು. ಒಪ್ಪಿದೆ. ಆಕೆ ಸುಮ್ಮನಿದ್ದಳು. ಆಕೆ ಸುಮ್ಮನಿದ್ದರೆ ಒಪ್ಪಿದಳು ಅಂತಲೇ ಮದುವೆಯಾದಾಗಿನಿಂದ ತಿಳಿದವನು ನಾನು.

ವಿಚಾರಣೆಯ ಕೊಠಡಿಯಲ್ಲಿ ದೊಡ್ಡ ಮೇಜಿನ ಹಿಂದೆ ಜಿಲ್ಲೆಯ ಅಧಿಕಾರಿ, ಎಡಗಡೆ ಮುಖಂಡರು, ಅವರ ಲಾಯರು. ಬಲಗಡೆ ನಾವು. ನನ್ನನ್ನು ಕೇಳಿದಾಗ ಎದ್ದು ನಿಂತು, "ಸಹಿ ನಂದು ಸಾ. ಅವ್ಳಿಗೆ ತೋರ್ಸನಿಲ್ಲ, ಯೋಳನಿಲ್ಲ. ನಾನೇ ಆಕ್ ಕಳ್ಸ್ದೆ" ಅಂದೆ. ಇಷ್ಟೇ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದೆ. ಮುಖಂಡರು ನನ್ನ ಮುಖ ನೋಡಲಿಲ್ಲ.

ಅಧಿಕಾರಿ ಆಕೆಯ ಕಡೆ ತಿರುಗಿ, "ಹಾಗಾದರೆ ಈ ಆದೇಶ ನಿಮಗೆ ಗೊತ್ತಿರಲಿಲ್ಲ, ಅಲ್ವಾ?" ಅಂದರು. ನಮ್ಮ ಲಾಯರು ಆಕೆಯತ್ತ ನೋಡಿ, ಹೌದು ಅನ್ನಿ ಅನ್ನುವ ಹಾಗೆ ಮೆಲ್ಲಗೆ ತಲೆ ಆಡಿಸಿದರು.

"ಸಹಿ ಅವ್ರದ್ದೇ ಸಾ, ಅದು ಸುಳ್ಳಲ್ಲ" ಅಂದಳು. "ಆದ್ರ ಚೀಟಿ ಕ್ಯಾಲೆಂಡ್ರು ಹಿಂದ ಇತ್ತು. ಅವತ್ತೇ ತಕಂಡು ಓದ್ದೆ. ಪೂರ್ತಿ ಅರ್ಥ ಆಗ್ನಿಲ್ಲ ಅಂತ ನಮ್ ಬೀದಿ ಟೀಚರಮ್ಮನ ಕೈಲಿ ಓದುಸ್ದೆ. ಮೀರುದ್ರ ಮೆಂಬರ್‌ಗಿರಿ ಓಯ್ತದ ಕಣಮ್ಮಿ ಅಂದ್ರು. ಗೊತ್ತಿದ್ದೇ ಕೈ ಎತ್ದೆ."

ಲಾಯರು, "ಅಮ್ಮಾ, ಸ್ವಲ್ಪ ಇರಿ" ಅಂತ ಎದ್ದರು. ಅಧಿಕಾರಿ ಅವರನ್ನು ಕೂರಿಸಿ, "ಯೋಚನೆ ಮಾಡಿ ಹೇಳ್ತಾ ಇದ್ದೀರಾ? ಇದನ್ನ ಬರೆದುಕೊಂಡರೆ ನಿಮ್ಮ ಸದಸ್ಯತ್ವ ಹೋಗುತ್ತೆ" ಅಂದರು. ಎಚ್ಚರಿಸುವ ದನಿಯಲ್ಲೇ ಅಂದರು, ಅದನ್ನು ನಾನು ಮರೆಯುವುದಿಲ್ಲ.

"ಬರ್ಕಳಿ ಸಾ. ಗೊತ್ತಿಲ್ದ ಎತ್ತದ್ಲು ಅಂತ ಮಾತ್ರ ಬರೀಬ್ಯಾಡಿ. ನಮ್ ಬೀದಿ ಎಂಗಸ್ರ ಮುಂದ ಆಮ್ಯಾಲ ನಾನ್ ಎಂಗ ನಿಂತ್ಕಳ್ಳಿ?"

ಗುಮಾಸ್ತರು ಬರೆದುಕೊಂಡರು. ಕೆಳಗೆ ಆಕೆ ಸಹಿ ಹಾಕಿದಳು. ಅಕ್ಷರಕ್ಕೆ ಅಕ್ಷರ ಸೇರಿಸಿ, ಹೊತ್ತು ತೆಗೆದುಕೊಂಡು. ಆ ಕೊಠಡಿಯಲ್ಲಿದ್ದ ಎಲ್ಲರೂ ಕಾದರು, ನಾನೂ ಕಾದೆ.

ವಾಪಸು ಬರುವ ಬಸ್ಸು ಸಂತೆಮರಹಳ್ಳಿ ದಾಟಿತು. ಆಮೇಲೆ ನಾನೇ ಬಾಯಿಬಿಟ್ಟೆ. ನಿನ್ನ ಕುರ್ಚಿ ಉಳಿಸುವುದಕ್ಕೆ ನಾನು ಮಾನ ಕಳೆದುಕೊಂಡೆ, ಅದನ್ನೂ ದಂಡ ಮಾಡಿಬಿಟ್ಟೆಯಲ್ಲ ಅಂದೆ. ಆಕೆ ಕಿಟಕಿಯಿಂದ ತಿರುಗಿ, "ನಿಮ್ ಮರ್ವಾದಿ ಎಲ್ಲೂ ಓಗಿಲ್ಲ ಬುಡಿ. ಎದ್ ನಿಂತ್ಕಂಡು ನಿಜ ಯೋಳುದ್ರಲ್ಲ" ಅಂದಳು. ಯಳಂದೂರು ಬರುವವರೆಗೆ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೇ ಕೂತಿದ್ದೆ. ಕಣ್ಣು ತುಂಬಿತ್ತು. ಯಾಕೆ ಅಂತ ಆಗ ಕೇಳಿದ್ದರೆ ದೂಳು ಅನ್ನುತ್ತಿದ್ದೆ.

ಸದಸ್ಯತ್ವ ರದ್ದಾದ ಆದೇಶ ಬಂತು. ಆಕೆಯ ಕುರ್ಚಿ ಖಾಲಿಯಾದ ಮೇಲೆ ಅದೇ ಠರಾವು ಮತ್ತೆ ಬಂತು, ಕೈಗಳು ಸಮಸಮವಾಗಿ ನಮ್ಮ ಪಕ್ಷದ ಅಧ್ಯಕ್ಷರ ಹೆಚ್ಚುವರಿ ಓಟಿನಿಂದ ಮಂಜೂರಾಯಿತು. ಹುಣಸೆ ಮರ ಕಡಿದ ದಿನ ಬೀದಿಯ ಹೆಂಗಸರು ನಮ್ಮ ಜಗುಲಿಯ ಮೇಲೆ ಬಂದು ಕೂತರು. ಯಾರೂ ಆಕೆಯನ್ನು ದೂರಲಿಲ್ಲ. ನನ್ನನ್ನೂ ದೂರಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಗಿದ್ದು. ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಈಗ ಅವರು ರಸ್ತೆಯ ಪಕ್ಕದಲ್ಲೇ ಹಾಸು ಕಟ್ಟುತ್ತಾರೆ. ಬೈಕುಗಳು ಸದ್ದು ಮಾಡಿಕೊಂಡು ಪಕ್ಕದಲ್ಲೇ ಹೋಗುತ್ತವೆ. ಎಳೆ ಕಿತ್ತುಹೋಗುವುದು ಜಾಸ್ತಿಯಾಗಿದೆ.

ಉಪಚುನಾವಣೆ ಬಂತು. ಮುಖಂಡರು ಒಂದು ಸಂಜೆ ಏನೂ ಆಗದವರ ಹಾಗೆ ಮನೆಗೆ ಬಂದು ಕೂತರು. ಇಪ್ಪತ್ತು ವರ್ಷದ ನಿಷ್ಠೆ ಎಲ್ಲಿಗೆ ಹೋಗುತ್ತದೆ, ಆದದ್ದು ಆಯಿತು ಅಂದರು. ನನ್ನ ತಮ್ಮನ ಹೆಂಡತಿಯ ಹೆಸರು ಹೇಳಿ, "ಆ ಹುಡ್ಗಿ ನಿಮ್ ಮಾತ್ ಕೇಳ್ತದಾ?" ಅಂತ ನನ್ನನ್ನೇ ಕೇಳಿದರು. ಆ ಹುಡುಗಿ ಬಾಗಿಲ ಹಿಂದೆಯೇ ನಿಂತಿದ್ದಳು. "ನನ್ನ ಕೈಲಿ ಯಾರ ಓಟೂ ಇಲ್ಲ ಸಾ, ನಂದೊಂದು ಬುಟ್ಟು" ಅಂದೆ. ಅವರು ಟೀ ಕುಡಿದು ಎದ್ದು ಹೋದರು. ಆಮೇಲೆ ನನ್ನನ್ನು ಯಾವ ಸಭೆಗೂ ಕರೆಯಲಿಲ್ಲ.

ಮತದಾನದ ದಿನ ಆಕೆ ನನಗಿಂತ ಮುಂಚೆ ಹೊರಟಳು. ಮದುವೆಯಾದಾಗಿನಿಂದ ಪ್ರತಿ ಚುನಾವಣೆಗೂ ಯಾವ ಗುರುತಿಗೆ ಒತ್ತಬೇಕು ಅಂತ ಹೇಳಿ ಕಳಿಸುತ್ತಿದ್ದವನು ನಾನು. ಬಂದ ಮೇಲೆ ಒತ್ತಿದೆಯಾ ಅಂತ ಕೇಳುತ್ತಿದ್ದವನೂ ನಾನೇ. ಅವತ್ತು ಆಕೆ ಹೊಸಿಲಲ್ಲಿ ಒಂದು ಗಳಿಗೆ ನಿಂತಳು. ರೂಢಿಯಿಂದ ನಿಂತದ್ದು. ನಾನು ಪೇಪರಿನಿಂದ ತಲೆ ಎತ್ತಿ, "ಬಿಸಿಲು ಜಾಸ್ತಿ ಅದೆ, ಕೊಡೆ ತಕಂಡೋಗು" ಅಂದೆ. ಆಕೆ ಕೊಡೆ ತೆಗೆದುಕೊಂಡು ಹೋದಳು. ಯಾರಿಗೆ ಒತ್ತಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.